"ನೋಡೋಣ" ಅಂದ್ರೆ ಏನರ್ಥ? ದೊಡ್ಡ ಕಂಪನಿಯಲ್ಲಿ ಕೆಟ್ಟ ಸುದ್ದಿ ಮೇಲಕ್ಕೆ ಹೋಗೋ ದಾರಿ

(ಮ್ಯಾನೇಜರುಗಳ ಒಂದು ಸಭೆಯಲ್ಲಿ ನಾನು ಮಾತಾಡಿದ್ದು ಇದು. ರೆಕಾರ್ಡಿಂಗ್ ಕೇಳ್ಕೊಂಡು ಬರೆದಿದೀನಿ, ಮಾತಿನ ಧಾಟಿ ಹಾಗೇ ಬಿಟ್ಟಿದೀನಿ, ಕೊನೆಯಲ್ಲಿ ಬಂದ ಒಂದೆರಡು ಪ್ರಶ್ನೆಗಳನ್ನೂ ಸೇರಿಸಿದೀನಿ.)

ಎಲ್ಲರಿಗೂ ನಮಸ್ಕಾರ. ಒಂದು ಚೀಟಿಯಿಂದ ಶುರು ಮಾಡ್ತೀನಿ. ಫೈಲ್ ಮೇಲೆ ಅಂಟಿಸಿ ಆಮೇಲೆ ಕಿತ್ತು ಬಿಸಾಕ್ತೀವಲ್ಲ, ಪೋಸ್ಟ್-ಇಟ್ ಚೀಟಿ, ಅದು. ಜರ್ಮನಿಯ ಸೀಮೆನ್ಸ್ ಕಂಪನಿ ಮೇಲೆ 2008ರಲ್ಲಿ ಅಮೆರಿಕದ ಷೇರು ಮಾರುಕಟ್ಟೆ ನಿಯಂತ್ರಕ ಎಸ್‌ಇಸಿ ಹಾಕಿದ ಕೇಸಲ್ಲಿ ಈ ಚೀಟಿ ಬರತ್ತೆ. ಲಂಚದ ಪೇಮೆಂಟ್‌ಗೆ ಒಪ್ಪಿಗೆ ಕೊಡ್ಬೇಕಾದೋರು ಕಾಗದದ ಮೇಲೆ ನೇರವಾಗಿ ಸಹಿ ಹಾಕದೆ ಈ ಚೀಟಿ ಮೇಲೆ ಹಾಕಿ ಕಾಗದಕ್ಕೆ ಅಂಟಿಸ್ತಿದ್ರು, ಆಮೇಲೆ ಚೀಟಿ ಕಿತ್ತುಬಿಟ್ರೆ ಯಾರು ಒಪ್ಪಿಗೆ ಕೊಟ್ರು ಅನ್ನೋ ಗುರುತೇ ಇರಲ್ಲ. ಕ್ಯಾಶ್ ಡೆಸ್ಕ್ ಅಂತ ಇತ್ತು, ಅಲ್ಲಿಗೆ ಸೂಟ್‌ಕೇಸ್ ತಗೊಂಡು ಹೋಗಿ ನೋಟು ತುಂಬ್ಕೊಂಡು ಬರ್ತಿದ್ರು. 2001ರಿಂದ 2007ರ ಒಳಗೆ ಕಮ್ಮಿ ಅಂದ್ರೂ 4,283 ಪೇಮೆಂಟು, ಒಟ್ಟು ಸುಮಾರು 140 ಕೋಟಿ ಡಾಲರ್ ಲಂಚ ಅಂತ ಎಸ್‌ಇಸಿ ಲೆಕ್ಕ ಕೊಡ್ತು.

ಈಗ ಆ ಚೀಟಿ ಮೇಲೆ ಸಹಿ ಹಾಕಿದ ಮನುಷ್ಯನ್ನ ಒಂದು ಕ್ಷಣ ಯೋಚನೆ ಮಾಡಿ. ತಾನು ಮಾಡ್ತಿರೋದು ತಪ್ಪು ಅಂತ ಆತನಿಗೆ ಗೊತ್ತಿರಲಿಲ್ವಾ? ಚೆನ್ನಾಗಿ ಗೊತ್ತಿತ್ತು, ಗೊತ್ತಿದ್ದಕ್ಕೇ ಚೀಟಿ. ಮತ್ತೆ ನಾವು ಕಂಪ್ಲಯನ್ಸ್, ಅಂದ್ರೆ ಕಾನೂನು-ನಿಯಮ ಪಾಲನೆ, ಅಂದ ತಕ್ಷಣ ಮಾಡೋದೇನು, ವರ್ಷಕ್ಕೊಂದ್ಸಲ ಎಲ್ರನ್ನೂ ಕಂಪ್ಯೂಟರ್ ಮುಂದೆ ಕೂರ್ಸಿ ಲಂಚ ತಪ್ಪು, ಸುಳ್ಳು ಲೆಕ್ಕ ತಪ್ಪು, ಕಾನ್‌ಫ್ಲಿಕ್ಟ್ ಆಫ್ ಇಂಟರೆಸ್ಟ್ ತಪ್ಪು ಅಂತ ನಲವತ್ತು ಸ್ಲೈಡ್ ಓದ್ಸಿ ಕೊನೆಗೆ ಹತ್ತು ಪ್ರಶ್ನೆ ಕೇಳಿ ಪಾಸ್ ಮಾಡ್ಸೋದು. ಆ ಪ್ರಶ್ನೆಗಳಿಗೆ ಚೀಟಿ ಅಂಟಿಸಿದವನೂ ಹತ್ತಕ್ಕೆ ಹತ್ತು ತಗೋತಾನೆ. ಟ್ರೈನಿಂಗ್ ಬೇಡ ಅಂತ ನಾನು ಹೇಳ್ತಿಲ್ಲ, ನಿಜವಾಗ್ಲೂ ಗೊತ್ತಿಲ್ದೆ ತಪ್ಪಾಗೋ ಜಾಗಗಳು ಇವೆ, ಎಕ್ಸ್‌ಪೋರ್ಟ್ ನಿಯಮ, ಡೇಟಾ ಪ್ರೈವಸಿ, ಕಾಂಪಿಟಿಷನ್ ಕಾನೂನು, ಇವೆಲ್ಲ ಹೇಳ್ಕೊಡ್ದೆ ಯಾರಿಗೂ ಬರಲ್ಲ. ಆದ್ರೆ ಕಂಪನಿಗಳನ್ನ ಮುಳುಗಿಸಿದ ದೊಡ್ಡ ದೊಡ್ಡ ಹಗರಣ ಒಂದೊಂದಾಗಿ ತೆಗೆದು ನೋಡಿ, ಅಲ್ಲಿ ತಪ್ಪು ಅಂತ ಗೊತ್ತಿದ್ದೋರು ಹತ್ತಾರು ಜನ, ಕೆಲವು ಕಡೆ ಸಾವಿರಾರು ಜನ ಇದ್ರು. ಅವರಿಗೆ ಗೊತ್ತಿದ್ದದ್ದು ಮೇಲಕ್ಕೆ ಹೋಗ್ಲಿಲ್ಲ, ಇಲ್ಲಾ ಹೋದ ಮೇಲೆ ಅಲ್ಲೇ ಸತ್ತೋಯ್ತು. ಇವತ್ತು ನಾನು ಮಾತಾಡೋದು ಪೂರ್ತಿ ಈ ಒಂದೇ ವಿಷಯದ ಮೇಲೆ, ಕೆಟ್ಟ ಸುದ್ದಿ ಮೇಲಕ್ಕೆ ಹೋಗೋ ದಾರಿ.

ಇದನ್ನ ನಾನು ಕಲಿತದ್ದು ಪುಸ್ತಕದಿಂದ ಅಲ್ಲ. ತುಂಬಾ ವರ್ಷದ ಹಿಂದೆ ನಾನೊಂದು ದೊಡ್ಡ ಕಂಪನಿಯಲ್ಲಿ, ಒಳಗಿನ ಲೆಕ್ಕ-ವ್ಯವಹಾರ ಪರೀಕ್ಷೆ ಮಾಡೋ ಇಂಟರ್ನಲ್ ಆಡಿಟ್‌ನಲ್ಲಿ ಟೀಮ್ ಲೀಡ್ ಆಗಿದ್ದೆ. ಕ್ವಾರ್ಟರ್ ಕೊನೆಯ ವಾರ, ರಾತ್ರಿ ಎಂಟು ಗಂಟೆ ಮೀರಿದೆ, ತಲೆ ಎತ್ತೋಕೆ ಪುರುಸೊತ್ತಿಲ್ಲ. ಟೀಮ್‌ಗೆ ಹೊಸದಾಗಿ ಸೇರಿದ ಒಬ್ಬ ಹುಡುಗ ಬಂದು ನನ್ನ ಟೇಬಲ್ ಪಕ್ಕ ನಿಂತ. ಕೈಯಲ್ಲಿ ಮೂರು ಕೊಟೇಶನ್. ಮೂರು ಬೇರೆ ಬೇರೆ ವೆಂಡರ್‌ದು, ಆದ್ರೆ ಮೂರರಲ್ಲೂ ಒಂದೇ ಪದದ ಸ್ಪೆಲ್ಲಿಂಗ್ ಒಂದೇ ಥರ ತಪ್ಪಿದೆ ನೋಡಿ ಅಂದ. ಈಗ ಇಲ್ಲಿ ಕೂತಿರೋ ನಿಮಗೆಲ್ಲ ತಕ್ಷಣ ಹೊಳೆದಿರತ್ತೆ, ಮೂರನ್ನೂ ಒಬ್ನೇ ಟೈಪ್ ಮಾಡಿದಾನೆ, ಪೈಪೋಟಿ ಅನ್ನೋದು ಬರೀ ನಾಟಕ. ನಂಗೂ ಹೊಳೀಬೇಕಿತ್ತು, ಹೊಳೀತು ಕೂಡ. ಆದ್ರೂ ನಾನಂದೆ, ಕ್ವಾರ್ಟರ್ ಮುಗೀಲಪ್ಪ, ಆಮೇಲೆ ನೋಡೋಣ. ಸರಿ ಅಂದು ಹೋದ. ನಾನು ಮರೆತೆ. ಎಂಟು ತಿಂಗಳಾದ್ಮೇಲೆ ಬೇರೆ ಇನ್ಯಾವುದೋ ಕಾರಣಕ್ಕೆ ಆ ವೆಂಡರ್ ಫೈಲ್ ತೆಗೆದಾಗ ಎಲ್ಲ ಆಚೆ ಬಂತು, ಅಷ್ಟರಲ್ಲಿ ಅದೇ ಮೂವರಿಗೆ ಇನ್ನೂ ಎಷ್ಟೋ ಆರ್ಡರ್ ಹೋಗಿತ್ತು. ಹುಡುಗ ಕೆಲಸ ಬಿಟ್ಟಿದ್ದ. ಫೋನ್ ಮಾಡಿ ಕೇಳ್ದೆ, ಮತ್ತೆ ಯಾಕೆ ನೆನಪಿಸ್ಲಿಲ್ಲ ನೀನು ಅಂತ. ಅವನಂದ, "ನೀವು ನೋಡೋಣ ಅಂದ್ರಲ್ಲ, ಅದೇ ಉತ್ತರ ಅಂತ ತಿಳ್ಕೊಂಡೆ."

ಅವನು ತಿಳ್ಕೊಂಡದ್ದು ಸರಿ. ನಮ್ಮ ಭಾಷೆಯಲ್ಲಿ "ನೋಡೋಣ" ಅಂದ್ರೆ ನೋಡಲ್ಲ ಅಂತಾನೇ ಅರ್ಥ, ಇಲ್ಲ ಅಂತ ಮುಖದ ಮೇಲೆ ಹೇಳೋಕೆ ಆಗ್ದೇ ಇದ್ದಾಗ ನೋಡೋಣ ಅಂತೀವಿ, ಇದು ಎಲ್ರಿಗೂ ಗೊತ್ತು. ನಾನು ಯಾವ ಲಂಚಾನೂ ತಗೊಂಡಿರಲಿಲ್ಲ, ಯಾವ ಸುಳ್ಳೂ ಹೇಳಿರಲಿಲ್ಲ, ನಮ್ಮ ಕಂಪನಿಯಲ್ಲಿ ಕೋಡ್ ಆಫ್ ಕಾಂಡಕ್ಟ್ ಇತ್ತು, ದೂರು ಹೇಳೋಕೆ ಹಾಟ್‌ಲೈನ್ ಇತ್ತು, ಪೋಸ್ಟರ್ ಇತ್ತು. ಒಂದು ಪದದಲ್ಲಿ ಅಷ್ಟನ್ನೂ ನಾನು ಮುಚ್ಚಿಬಿಟ್ಟೆ. ಆ ಹುಡುಗನ ಪಾಲಿಗೆ ಕಂಪನಿ ಅಂದ್ರೆ ನಾನೇ ಆಗಿದ್ದೆ, ಬೋರ್ಡ್ ಯಾರು ಸಿಇಓ ಯಾರು ಅವನಿಗೇನು ಗೊತ್ತು. ಇದು ನನ್ನ ಮನಸ್ಸಿನಲ್ಲಿ ಇವತ್ತಿಗೂ ಚುಚ್ಚತ್ತೆ.

ಇನ್ನೂ ಕೆಲವು ಪದಗಳಿವೆ. "ಹೇಗಾದ್ರೂ ಮಾಡಿ ಮುಗ್ಸಿ." "ನಂಗೆ ಡೀಟೇಲ್ಸ್ ಬೇಡ, ರಿಸಲ್ಟ್ ಬೇಕು." "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ." ಇವುಗಳಲ್ಲಿ ಒಂದನ್ನೂ ಕೋರ್ಟಲ್ಲಿ ತಪ್ಪು ಅಂತ ಸಾಬೀತು ಮಾಡೋಕಾಗಲ್ಲ, ಹೇಳಿದ ಮ್ಯಾನೇಜರ್‌ಗೂ ತಾನೇನೋ ತಪ್ಪು ಹೇಳ್ತಿದೀನಿ ಅನ್ಸಲ್ಲ, ಆದ್ರೆ ಕೇಳಿಸ್ಕೊಂಡೋನಿಗೆ "ಹೇಗಾದ್ರೂ" ಅನ್ನೋದ್ರೊಳಗೆ ಏನೇನೆಲ್ಲ ಸೇರತ್ತೆ ಅಂತ ಸರಿಯಾಗೇ ಅರ್ಥ ಆಗತ್ತೆ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನದ್ದು ಇದಕ್ಕೆ ತುಂಬಾ ದೊಡ್ಡ ಉದಾಹರಣೆ. ಒಂದೊಂದು ಮನೆಗೂ ಬ್ಯಾಂಕಿನ ಎಂಟು ಪ್ರಾಡಕ್ಟ್ ಮಾರ್ಬೇಕು ಅನ್ನೋದು ಟಾರ್ಗೆಟ್, ಯಾಕೆ ಎಂಟು ಅಂದ್ರೆ ಇಂಗ್ಲಿಷಲ್ಲಿ ಎಂಟಕ್ಕೂ ಗ್ರೇಟ್ ಅನ್ನೋದಕ್ಕೂ ಪ್ರಾಸ ಕೂಡತ್ತೆ, ಅಷ್ಟೇ. ಗ್ರಾಹಕರಿಗೆ ಅಷ್ಟು ಬೇಕಾಗಿರಲಿಲ್ಲ, ಆದ್ರೆ ಬ್ರಾಂಚಲ್ಲಿ ಕೂತೋರಿಗೆ ಪ್ರತಿದಿನ ಲೆಕ್ಕ ಕೊಡ್ಬೇಕಿತ್ತು. ಕೊನೆಗೆ ಗ್ರಾಹಕರಿಗೆ ಗೊತ್ತೇ ಇಲ್ಲದ ಹಾಗೆ ಅವರ ಹೆಸರಲ್ಲಿ ಅಕೌಂಟ್ ತೆಗ್ಯೋದು, ಕಾರ್ಡ್ ಮಾಡ್ಸೋದು ಶುರುವಾಯ್ತು. 2016ರ ಸೆಪ್ಟೆಂಬರ್‌ನಲ್ಲಿ 18.5 ಕೋಟಿ ಡಾಲರ್ ದಂಡ ಬಿತ್ತು, ಆಗ ಅಂದಾಜು ಮಾಡಿದ್ದು ಸುಮಾರು 20 ಲಕ್ಷ ಅಕೌಂಟು, ಮುಂದಿನ ವರ್ಷ ಅದು 35 ಲಕ್ಷದವರೆಗೂ ಇರಬಹುದು ಅಂತ ಆಯ್ತು. ಇದಕ್ಕಾಗಿ ಬ್ಯಾಂಕು ಹಲವು ವರ್ಷಗಳಲ್ಲಿ ಕೆಲಸದಿಂದ ತೆಗೆದೋರು 5,300 ಜನ, ಅದ್ರಲ್ಲಿ ಬಹುಪಾಲು ಕೆಳಗಿನ ಹಂತದೋರು.

ಈ 5,300 ಅನ್ನೋ ಸಂಖ್ಯೇನ ಸ್ವಲ್ಪ ನೋಡಿ. ಐದು ಜನ ಒಂದೇ ತಪ್ಪು ಮಾಡಿದ್ರೆ ಐದು ಜನ ಕೆಟ್ಟೋರು ಅಂತ ಹೇಳಬಹುದು, 5,300 ಜನ ಬೇರೆ ಬೇರೆ ಊರಲ್ಲಿ ಕೂತು ಒಂದೇ ತಪ್ಪು ಮಾಡ್ತಿದಾರೆ ಅಂದ್ರೆ ಅದು ಟಾರ್ಗೆಟ್ ಮಾಡಿಸ್ತಿರೋ ತಪ್ಪು. ವರ್ಷಗಟ್ಟಲೆ ಇವರನ್ನ ಒಬ್ಬೊಬ್ಬರನ್ನಾಗಿ ತೆಗೀತಾ ಹೋದ್ರು, ಟಾರ್ಗೆಟ್ ಹಾಗೇ ಇತ್ತು. ಹುತ್ತ ಬಡಿದ್ರೆ ಹಾವು ಸಾಯತ್ತಾ? ಎಥಿಕ್ಸ್ ಲೈನ್‌ಗೆ ಫೋನ್ ಮಾಡಿ ಹೇಳಿದೋರೂ ಇದ್ರು, ಹಾಗೆ ಹೇಳಿದ್ಮೇಲೆ ಕೆಲಸ ಹೋಯ್ತು ಅಂತ ಹಲವರು ದೂರಿದ್ರು. ಸಿಇಓ 2016ರ ಅಕ್ಟೋಬರ್‌ನಲ್ಲಿ ರಾಜೀನಾಮೆ ಕೊಟ್ರು, 2020ರಲ್ಲಿ ಅವರಿಗೆ ಬ್ಯಾಂಕಿಂಗ್‌ನಿಂದ ಆಜೀವ ನಿಷೇಧ ಮತ್ತೆ 1.75 ಕೋಟಿ ಡಾಲರ್ ದಂಡ ಆಯ್ತು, ಅದೇ ವರ್ಷ ಬ್ಯಾಂಕು 300 ಕೋಟಿ ಡಾಲರ್ ಕೊಟ್ಟು ಸರ್ಕಾರದ ಜೊತೆ ಇತ್ಯರ್ಥ ಮಾಡ್ಕೊಂಡಿತು. ಮೊದಮೊದಲು ಫೋನ್ ಮಾಡಿದೋರ ಮಾತು ಕೇಳಿ ಆ ಎಂಟನ್ನ ನಾಲ್ಕು ಮಾಡಿದ್ರೆ ಸಾಕಿತ್ತು. ಉಗುರಲ್ಲಿ ಹೋಗೋದಕ್ಕೆ ಕೊಡಲಿ ಬೇಕಾಯ್ತು ಅಂತಾರಲ್ಲ, ಅದು.

ಅದಕ್ಕೇ ನಾನು ಯಾವ ಕಂಪನಿಗೆ ಹೋದ್ರೂ ಅವರ ಎಥಿಕ್ಸ್ ಪಾಲಿಸಿ ಮೊದಲು ಕೇಳಲ್ಲ, ಬೋನಸ್ ಲೆಕ್ಕ ಹೇಗೆ ಹಾಕ್ತೀರಿ ತೋರ್ಸಿ ಅಂತೀನಿ. ಯಾವ ನಡತೆಗೆ ದುಡ್ಡು ಕೊಡ್ತಿದಾರೋ ಅದೇ ಆ ಕಂಪನಿಯ ನಿಜವಾದ ಪಾಲಿಸಿ. ಸೇಲ್ಸ್‌ನಲ್ಲಿ ಒಬ್ಬ ಸ್ಟಾರ್ ಇರ್ತಾನೆ, ಎಲ್ರಿಗಿಂತ ಎರಡು ಪಟ್ಟು ಬಿಸಿನೆಸ್ ತರ್ತಾನೆ, ಎಕ್ಸ್‌ಪೆನ್ಸ್ ಬಿಲ್‌ನಲ್ಲಿ ಕೈಚಳಕ ಮಾಡ್ತಾನೆ ಅಂತ ಎಲ್ರಿಗೂ ಗೊತ್ತು, ಅವನಿಗೆ ಬರೀ ಒಂದು ಮಾತಿನ ಎಚ್ಚರಿಕೆ, ಅದೇ ತಪ್ಪಿಗೆ ಕ್ಲರ್ಕ್ ಒಬ್ಬರ ಕೆಲಸ ಹೋಯ್ತು ಅಂದ್ರೆ, ಮುಗೀತು, ಆಮೇಲೆ ನೀವು ಎಷ್ಟು ಕೋಟಿ ಖರ್ಚು ಮಾಡಿ ಟ್ರೈನಿಂಗ್ ಕೊಟ್ರೂ ಅದು ನೀರಲ್ಲಿ ಹೋಮ ಮಾಡಿದ ಹಾಗೆ.

ಪಾಲಿಸಿ ಅಂದ್ಕೂಡ್ಲೆ ಅಮೆರಿಕದ ಇಂಧನ ಕಂಪನಿ ಎನ್ರಾನ್ ವಿಷಯ ಹೇಳ್ಲೇಬೇಕು. 64 ಪುಟದ ಕೋಡ್ ಆಫ್ ಎಥಿಕ್ಸ್ ಇತ್ತು ಅವರಲ್ಲಿ. ಗೌರವ, ಪ್ರಾಮಾಣಿಕತೆ, ಸಂವಹನ, ಉತ್ಕೃಷ್ಟತೆ ಅಂತ ನಾಲ್ಕು ಮೌಲ್ಯ. ಆ ಕೋಡ್ ಪ್ರಕಾರ ಕಂಪನಿಯ ಅಧಿಕಾರಿ ಕಂಪನಿ ಜೊತೇಲೇ ವ್ಯವಹಾರ ಮಾಡೋ ಸ್ವಂತ ಸಂಸ್ಥೆ ನಡೆಸೋ ಹಾಗಿರಲಿಲ್ಲ, 1999ರಲ್ಲಿ ಬೋರ್ಡು ಹಣಕಾಸಿನ ಮುಖ್ಯಸ್ಥ ಸಿಎಫ್‌ಓಗೋಸ್ಕರ ಆ ನಿಯಮಕ್ಕೇ ವಿನಾಯಿತಿ ಕೊಟ್ಟುಬಿಡ್ತು. ಬೇಲಿಯೇ ಎದ್ದು ಹೊಲ ಮೇಯೋದು ಅಂದ್ರೆ ಇದಕ್ಕಿಂತ ಬೇರೆ ಬೇಕಾ. 2001ರ ಆಗಸ್ಟಲ್ಲಿ ಶೆರನ್ ವಾಟ್ಕಿನ್ಸ್ ಅನ್ನೋ ಉಪಾಧ್ಯಕ್ಷೆ ಅಧ್ಯಕ್ಷರಿಗೆ ಮೊದಲು ಹೆಸರಿಲ್ದೆ ಪತ್ರ ಬರೆದ್ರು, ಆಮೇಲೆ ತಾವೇ ಹೋಗಿ ಭೇಟಿ ಮಾಡಿ ಲೆಕ್ಕಪತ್ರ ಹೀಗೀಗಿದೆ, ಇದು ಸ್ಫೋಟ ಆಗತ್ತೆ ಅಂತ ಹೇಳಿದ್ರು. ಹೇಳಿದ ಒಂದೆರಡು ದಿನದಲ್ಲೇ ಹೊರಗಿನ ವಕೀಲರಿಂದ ಕಂಪನಿಗೆ ಒಂದು ಟಿಪ್ಪಣಿ ಬಂತು, ಈಕೆಯನ್ನ ಕೆಲಸದಿಂದ ತೆಗೆದ್ರೆ ಕಾನೂನಿನ ಪ್ರಕಾರ ಏನು ರಿಸ್ಕ್ ಅಂತ. ಹೇಳಿದ ವಿಷಯ ನಿಜವೋ ಸುಳ್ಳೋ ಅನ್ನೋ ತನಿಖೆ ಸರಿಯಾಗಿ ಆಗೋಕೆ ಮುಂಚೆ ಹೇಳಿದೋರನ್ನ ಏನು ಮಾಡೋದು ಅನ್ನೋ ಲೆಕ್ಕಾಚಾರ. 2001 ಡಿಸೆಂಬರ್ 2ಕ್ಕೆ ಎನ್ರಾನ್ ದಿವಾಳಿ ಅರ್ಜಿ ಹಾಕ್ತು, ಸಾವಿರಾರು ಜನರ ಕೆಲಸ ಹೋಯ್ತು, ಕಂಪನಿ ಷೇರಲ್ಲೇ ಇಟ್ಟಿದ್ದ ನಿವೃತ್ತಿ ದುಡ್ಡೂ ಹೋಯ್ತು.

ಆಮೇಲಿನ ವರ್ಷ ಅಮೆರಿಕದ ಟೆಲಿಕಾಂ ಕಂಪನಿ ವರ್ಲ್ಡ್‌ಕಾಮ್. ಇದು ನನ್ನ ಮನಸ್ಸಿಗೆ ತುಂಬಾ ಹತ್ತಿರ, ಯಾಕಂದ್ರೆ ಹಿಡಿದದ್ದು ಇಂಟರ್ನಲ್ ಆಡಿಟ್‌ನೋರು. ಸಿಂಥಿಯಾ ಕೂಪರ್ ಮತ್ತೆ ಅವರ ಚಿಕ್ಕ ಟೀಮು, ಎಷ್ಟೋ ಸಲ ರಾತ್ರಿ ಹೊತ್ತು ಕೂತು, ಯಾರಿಗೂ ಗೊತ್ತಾಗದ ಹಾಗೆ ಎಂಟ್ರಿ ಎಂಟ್ರಿ ಹುಡುಕಿದ್ರು. ಕಂಪನಿಯ ಲೆಕ್ಕ ಬರೆಯೋರು ದಿನನಿತ್ಯದ ಖರ್ಚನ್ನ ಬಂಡವಾಳ ವೆಚ್ಚ ಅಂತ ತೋರಿಸಿ ಲಾಭ ಉಬ್ಬಿಸಿದ್ರು. ಸಿಎಫ್‌ಓ ಈ ಆಡಿಟ್ ಮುಂದಿನ ಕ್ವಾರ್ಟರ್‌ಗೆ ಹಾಕಿ ಅಂತ ಕೇಳ್ಕೊಂಡ್ರು. ನೋಡಿ, ಅಲ್ಲೂ ಅದೇ, ಆಮೇಲೆ ನೋಡೋಣ. ಈಕೆ ನಿಲ್ಲಿಸ್ಲಿಲ್ಲ, ಬೋರ್ಡಿನ ಆಡಿಟ್ ಕಮಿಟಿಗೆ ತಗೊಂಡು ಹೋದ್ರು, 2002ರ ಜೂನ್ 25ಕ್ಕೆ ಕಂಪನಿ 380 ಕೋಟಿ ಡಾಲರ್ ಸುಳ್ಳು ಲೆಕ್ಕ ಅಂತ ಒಪ್ಕೊಂಡಿತು, ಕೊನೆಗೆ ಅದು ಸುಮಾರು 1,100 ಕೋಟಿಗೆ ಹೋಯ್ತು.

ಕೂಪರ್ ಬಗ್ಗೆ ಎಲ್ರೂ ಹೇಳ್ತಾರೆ, ನಂಗೆ ಅದೇ ಕಂಪನಿಯ ಇನ್ನೊಬ್ಬರ ಬಗ್ಗೆ ಹೇಳ್ಬೇಕು, ಹೆಸರು ಬೇಡ. ಅಕೌಂಟಿಂಗಲ್ಲಿ ಮಧ್ಯದ ಹಂತದ ಒಬ್ಬ ಹೆಣ್ಣುಮಗಳು. 2000ದಲ್ಲಿ ಮೊದಲ ಸುಳ್ಳು ಎಂಟ್ರಿ ಹಾಕು ಅಂದಾಗಲೇ ಆಕೆಗೆ ಹಿಂಸೆ ಆಯ್ತು, ರಾಜೀನಾಮೆ ಪತ್ರ ಬರೆದಿಟ್ಟಿದ್ರು. ಸಿಎಫ್‌ಓ ಕರೆದು ಸಮಾಧಾನ ಮಾಡಿದ್ರು, ಇದೊಂದ್ಸಲ ದಾಟಿಬಿಡೋಣ, ಆಮೇಲೆ ಎಲ್ಲ ಸರಿ ಹೋಗತ್ತೆ ಅನ್ನೋ ಅರ್ಥದ ಮಾತು. ಪತ್ರ ಕೊಡ್ಲಿಲ್ಲ ಆಕೆ. ಮುಂದಿನ ಕ್ವಾರ್ಟರ್ ಮತ್ತೆ, ಅದರ ಮುಂದಿನ ಕ್ವಾರ್ಟರ್ ಮತ್ತೆ. ಕೊನೆಗೆ 2005ರಲ್ಲಿ ಐದು ತಿಂಗಳು ಜೈಲಾಯ್ತು. ಇಲ್ಲಿ ಕೂತಿರೋರಲ್ಲಿ ಸಿಎಫ್‌ಓ ಆಗೋರು ಒಬ್ಬಿಬ್ಬರು ಇರಬಹುದು, ಆದ್ರೆ ನಾವೆಲ್ಲ ಒಂದಲ್ಲ ಒಂದು ದಿನ ಆ ಹೆಣ್ಣುಮಗಳ ಕುರ್ಚಿಯಲ್ಲಿ ಕೂತೇ ಕೂರ್ತೀವಿ, ಅದಕ್ಕೆ ಹೇಳ್ದೆ. ಮೊದಲನೇ ಎಂಟ್ರಿ ಹಾಕಿದ ಮೇಲೆ ಎರಡನೇದಕ್ಕೆ ಇಲ್ಲ ಅನ್ನೋದು ತುಂಬಾ ಕಷ್ಟ, ಯಾಕಂದ್ರೆ ಈಗ ಹೇಳೋಕೆ ಹೋದ್ರೆ ನಿಮ್ಮದೇ ಮೊದಲನೇದೂ ಆಚೆ ಬರತ್ತೆ. 2009ರ ಜನವರಿ 7ಕ್ಕೆ ನಮ್ಮ ದೇಶದ ಸಾಫ್ಟ್‌ವೇರ್ ಕಂಪನಿ ಸತ್ಯಂನ ಅಧ್ಯಕ್ಷರು ಬರೆದ ತಪ್ಪೊಪ್ಪಿಗೆ ಪತ್ರದಲ್ಲೂ ಇದೇ ಇದೆ, ಶುರುವಾದಾಗ ನಿಜವಾದ ಲಾಭಕ್ಕೂ ತೋರಿಸಿದ ಲಾಭಕ್ಕೂ ಅಂತರ ಸಣ್ಣದಿತ್ತು, ವರ್ಷಗಳಲ್ಲಿ ಅದು ಬೆಳೀತಾ ಹೋಯ್ತು, ಕೊನೆಗೆ ಹುಲಿ ಸವಾರಿ ಥರ ಆಯ್ತು, ಇಳಿದ್ರೆ ಅದು ತಿಂದುಬಿಡತ್ತೆ. ಆ ಪತ್ರದ ಹೊತ್ತಿಗೆ ಪುಸ್ತಕದಲ್ಲಿ ತೋರಿಸಿದ್ದ 5,040 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಬ್ಯಾಲೆನ್ಸ್ ಇರಲೇ ಇಲ್ಲ.

ಹಾಗಾದ್ರೆ ಕಾನೂನು ಏನು ಮಾಡ್ತಿತ್ತು ಅಂತ ನೀವು ಕೇಳಬಹುದು. ಕಾನೂನು ನಿಧಾನಕ್ಕೆ, ಒಂದೊಂದು ಹಗರಣ ಆದ್ಮೇಲೆ ಒಂದೊಂದು ಹೆಜ್ಜೆ ಇಟ್ಟು ಬಂದಿದೆ. 1970ರ ದಶಕದಲ್ಲಿ 400ಕ್ಕೂ ಹೆಚ್ಚು ಅಮೆರಿಕದ ಕಂಪನಿಗಳು ಬೇರೆ ದೇಶಗಳಲ್ಲಿ ಅನುಮಾನದ ಪೇಮೆಂಟ್ ಮಾಡಿದೀವಿ ಅಂತ ಒಪ್ಕೊಂಡ ಮೇಲೆ 1977ರಲ್ಲಿ ವಿದೇಶಿ ಲಂಚ ತಡೆ ಕಾಯ್ದೆ ಬಂತು. ಆದ್ರೆ ಬೇರೆ ದೇಶಗಳು ಬಹಳ ವರ್ಷ ಸುಮ್ನಿದ್ವು, ಜರ್ಮನಿಯಲ್ಲಂತೂ 1999ರವರೆಗೂ ವಿದೇಶದಲ್ಲಿ ಕೊಟ್ಟ ಲಂಚಾನ ವ್ಯಾಪಾರದ ಖರ್ಚು ಅಂತ ತೋರಿಸಿ ತೆರಿಗೆ ಉಳಿಸಬಹುದಿತ್ತು. ಸೀಮೆನ್ಸ್‌ನೋರಿಗೆ ಕಾನೂನು ಬದಲಾಯ್ತು, ಅಭ್ಯಾಸ ಬದಲಾಗಲಿಲ್ಲ, ಅಲ್ಲೇ ಆ ಚೀಟಿ ಬಂದದ್ದು. ಎನ್ರಾನ್ ವರ್ಲ್ಡ್‌ಕಾಮ್ ಆದ್ಮೇಲೆ 2002ರ ಜುಲೈನಲ್ಲಿ ಸಾರ್ಬೇನ್ಸ್-ಆಕ್ಸ್‌ಲಿ ಕಾಯ್ದೆ, ಅದ್ರಲ್ಲಿ ಆಡಿಟ್ ಕಮಿಟಿಗೆ ನೌಕರರು ಹೆಸರು ಹೇಳದೆ ದೂರು ಕೊಡೋ ವ್ಯವಸ್ಥೆ ಕಡ್ಡಾಯ ಆಯ್ತು. ಸತ್ಯಂ ಆದ್ಮೇಲೆ ಬಂದ ಭಾರತದ 2013ರ ಕಂಪನಿ ಕಾಯ್ದೆಯಲ್ಲೂ 177ನೇ ಸೆಕ್ಷನ್ ನೌಕರರು ದೂರು ಕೊಡೋ ವ್ಯವಸ್ಥೆ ಬೇಕು ಅನ್ನತ್ತೆ. ಬ್ರಿಟನ್ನಿನ 2010ರ ಲಂಚ ಕಾಯ್ದೆಯ ಏಳನೇ ಸೆಕ್ಷನ್ ಇನ್ನೂ ಗಟ್ಟಿ, ನಿಮ್ಮ ಪರವಾಗಿ ಯಾರೇ ಲಂಚ ಕೊಟ್ರೂ ತಡೀಲಿಲ್ಲ ಅನ್ನೋದೇ ಕಂಪನಿಯ ಅಪರಾಧ, ತಪ್ಪಿಸ್ಕೊಳ್ಳೋಕೆ ಇರೋದು ಒಂದೇ ದಾರಿ, ತಡ್ಯೋಕೆ ತಕ್ಕಷ್ಟು ವ್ಯವಸ್ಥೆ ಮಾಡಿದ್ವಿ ಅಂತ ಸಾಬೀತು ಮಾಡೋದು.

ಹಾಗೆ ಸಾಬೀತು ಮಾಡೋಕಾಗತ್ತಾ ಅಂದ್ರೆ ಆಗತ್ತೆ. 2012ರಲ್ಲಿ ಅಮೆರಿಕದ ಹೂಡಿಕೆ ಬ್ಯಾಂಕ್ ಮಾರ್ಗನ್ ಸ್ಟ್ಯಾನ್ಲಿಯ ಒಬ್ಬ ಅಧಿಕಾರಿ ಚೀನಾದಲ್ಲಿ ಮಾಡಿದ ವ್ಯವಹಾರಕ್ಕೆ ತಪ್ಪೊಪ್ಕೊಂಡ, ಕಂಪನಿ ಮೇಲೆ ಮಾತ್ರ ಅಮೆರಿಕದ ನ್ಯಾಯ ಇಲಾಖೆ ಕೇಸೇ ಹಾಕ್ಲಿಲ್ಲ. ಅವನಿಗೆ ಏಳು ಸಲ ಟ್ರೈನಿಂಗ್ ಕೊಟ್ಟಿದ್ದು, ಕಮ್ಮಿ ಅಂದ್ರೂ 35 ಸಲ ನೆನಪಿಸಿದ್ದು ಎಲ್ಲ ದಾಖಲೆ ಇತ್ತು. ಎಷ್ಟೋ ಜನ ಇದನ್ನ ಕೇಳಿ "ನೋಡಿ, ಟ್ರೈನಿಂಗ್ ದಾಖಲೆ ಇದ್ರೆ ಸಾಕು" ಅಂತ ಅರ್ಥ ಮಾಡ್ಕೋತಾರೆ, ಅದು ಅಪಾಯ. ಅವರು ವ್ಯವಹಾರಗಳನ್ನ ನಿಯಮಿತವಾಗಿ ಪರೀಕ್ಷೆ ಮಾಡ್ತಿದ್ರು, ಮತ್ತೆ ವಿಷಯ ಸಿಕ್ಕಾಗ ತಾವೇ ಹೋಗಿ ಸರ್ಕಾರಕ್ಕೆ ಹೇಳಿದ್ರು. ಅಲ್ಲಿ ಕೆಟ್ಟ ಸುದ್ದಿಗೆ ಕಂಪನಿ ಒಳಗಿಂದ ಹೊರಗಿನವರೆಗೂ ದಾರಿ ಇತ್ತು.

ಈಗ ನಿಮ್ಮ ಕೈಯಲ್ಲಿ ಏನಿದೆ ಅನ್ನೋದಕ್ಕೆ ಬರ್ತೀನಿ, ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ತಗೋತೀನಿ. ವಂಚನೆ ತನಿಖೆ ಮಾಡೋರ ಅಂತರರಾಷ್ಟ್ರೀಯ ಸಂಘ ಎಸಿಎಫ್‌ಇ ಎರಡು ವರ್ಷಕ್ಕೊಮ್ಮೆ ಒಂದು ವರದಿ ತರತ್ತೆ, ವರದಿ ಮೇಲೆ ವರದಿಯಲ್ಲಿ ಬರೋ ವಿಷಯ ಒಂದೇ, ಹತ್ತರಲ್ಲಿ ನಾಲ್ಕಕ್ಕಿಂತ ಹೆಚ್ಚು ವಂಚನೆ ಸಿಕ್ಕಿಬೀಳೋದು ಯಾರೋ ಒಬ್ಬರು ಹೇಳಿದ್ರಿಂದ, ಹಾಗೆ ಹೇಳೋರಲ್ಲಿ ಅರ್ಧಕ್ಕಿಂತ ಜಾಸ್ತಿ ನೌಕರರೇ. ಆಡಿಟ್‌ನಿಂದ ಸಿಗೋದು ಅದಕ್ಕಿಂತ ಎಷ್ಟೋ ಕಮ್ಮಿ, ನಾನು ಆಡಿಟ್‌ನೋನಾಗಿ ಹೇಳ್ತಿದೀನಿ. ಹಾಗಾಗಿ ನಿಮ್ಮ ಹತ್ರ ಒಬ್ಬರು ಬಂದು "ಒಂದು ವಿಷಯ ಹೇಳ್ಬೇಕಿತ್ತು, ದೊಡ್ಡದೇನಲ್ಲ" ಅಂದ್ರೆ ಅದು ಕಂಪನಿಯ ಅತ್ಯಂತ ಬೆಲೆಬಾಳೋ ಹತ್ತು ನಿಮಿಷ. ಲ್ಯಾಪ್‌ಟಾಪ್ ಮುಚ್ಚಿ. ಕೂರ್ಸಿ. ಪೂರ್ತಿ ಕೇಳಿ. ಪ್ರೂಫ್ ಇದೆಯಾ ಅಂತ ಮೊದಲು ಕೇಳ್ಬೇಡಿ, ಪ್ರೂಫ್ ಹುಡುಕೋದು ಅವರ ಕೆಲಸ ಅಲ್ಲ, ಮತ್ತೆ ಹುಡುಕೋಕೆ ಹೋಗಿ ಅವರೇ ತೊಂದರೆಗೆ ಸಿಕ್ಕೋತಾರೆ. ಬೇರೆ ಯಾರಿಗೆ ಹೇಳಿದೀಯ ಅಂತಾನೂ ಮೊದಲ ಪ್ರಶ್ನೆ ಕೇಳ್ಬೇಡಿ, ಬೆದರಿಕೆ ಥರ ಕೇಳ್ಸತ್ತೆ. ಯಾರಿಗೂ ಹೇಳಲ್ಲ ಅಂತ ಮಾತು ಕೊಡ್ಬೇಡಿ, ಯಾಕಂದ್ರೆ ಹೇಳ್ಲೇಬೇಕಾಗತ್ತೆ, ಯಾರಿಗೆ ಹೇಳ್ತೀನಿ ಯಾಕೆ ಹೇಳ್ತೀನಿ ಅಂತ ಅಲ್ಲೇ ಬಿಡಿಸಿ ಹೇಳಿ. ನೀವೇ ಹೋಗಿ ಆರೋಪಿಯನ್ನ ವಿಚಾರಿಸೋಕೆ ಹೋಗ್ಬೇಡಿ, ಮಾರನೇ ದಿನಕ್ಕೆ ಈಮೇಲ್ ಎಲ್ಲ ಡಿಲೀಟ್ ಆಗಿರತ್ತೆ. ತಾರೀಖು ಹಾಕಿ ಬರೆದಿಟ್ಕೊಳಿ, ಅವತ್ತೇ ಕಂಪ್ಲಯನ್ಸ್‌ಗೆ ಕಳಿಸಿ. ಇನ್ನು ಕೊನೇದು, ಇದನ್ನ ಹೆಚ್ಚಿನೋರು ಮಾಡಲ್ಲ: ಮತ್ತೆ ಯಾವತ್ತು ಮಾತಾಡ್ತೀನಿ ಅಂತ ದಿನ ಹೇಳಿ, ಆ ದಿನ ಹೋಗಿ, ಹೇಳೋಕೆ ಹೊಸದೇನೂ ಇಲ್ದಿದ್ರೂ ಹೋಗಿ. "ಇನ್ನೂ ತನಿಖೆ ನಡೀತಿದೆ, ವಿವರ ಹೇಳೋ ಹಾಗಿಲ್ಲ, ಮರೆತಿಲ್ಲ" ಅಂದ್ರೆ ಸಾಕು, ಆ ಒಂದು ವಾಕ್ಯ ನಾನು ಆ ಹುಡುಗನಿಗೆ ಹೇಳಿದ್ರೆ ಅವನು ಇನ್ನೂ ನಮ್ಮಲ್ಲಿ ಇರ್ತಿದ್ದನೇನೋ.

ಸೇಡು ಅನ್ನೋದರ ಬಗ್ಗೆ. ನಮ್ಮಲ್ಲಿ ಸೇಡಿಗೆ ಝೀರೋ ಟಾಲರೆನ್ಸ್ ಅಂತ ಎಲ್ಲ ಕಂಪನಿಗಳೂ ಬರ್ಕೊಂಡಿರ್ತಾವೆ. ಸೇಡು ಅಂದ್ರೆ ಕೆಲಸದಿಂದ ತೆಗ್ಯೋದು ಅಂತ ಅಂದ್ಕೊಂಡು ಬರ್ದಿರೋದು ಅದು. ನಿಜವಾಗಿ ಆಗೋದು ಬೇರೆ: ಮೀಟಿಂಗ್‌ಗೆ ಕರೆಯಲ್ಲ, ಮೆಸೇಜ್ ಗ್ರೂಪಿಂದ ಹೆಸರು ಬಿಟ್ಟೋಗತ್ತೆ, ಒಳ್ಳೆ ಪ್ರಾಜೆಕ್ಟ್ ಬೇರೆಯವರಿಗೆ ಹೋಗತ್ತೆ, ರೇಟಿಂಗ್ ಒಂದು ಮೆಟ್ಟಿಲು ಇಳಿಯತ್ತೆ, "ಅವರು ಟೀಮ್ ಪ್ಲೇಯರ್ ಅಲ್ಲ" ಅನ್ನೋ ಮಾತು ಓಡಾಡತ್ತೆ. ಒಂದಕ್ಕೂ ದಾಖಲೆ ಇಲ್ಲ. ಇದನ್ನ ಹಿಡಿಯೋಕೆ ನನಗೆ ಗೊತ್ತಿರೋ ದಾರಿ ಒಂದೇ, ದೂರು ಕೊಟ್ಟೋರ ಪಟ್ಟಿ ಕಂಪ್ಲಯನ್ಸ್ ಹತ್ರ ಗುಟ್ಟಾಗಿ ಇಟ್ಕೊಂಡು ಆರು ತಿಂಗಳಿಗೆ, ಒಂದು ವರ್ಷಕ್ಕೆ, ಎರಡು ವರ್ಷಕ್ಕೆ ಅವರ ರೇಟಿಂಗ್, ಸಂಬಳ, ವರ್ಗಾವಣೆ ಏನಾಯ್ತು ಅಂತ ಉಳಿದೋರ ಜೊತೆ ಹೋಲಿಸಿ ನೋಡೋದು. ಬೇಸರದ ಕೆಲಸ, ಆದ್ರೆ ಇದೊಂದು ಮಾಡಿದ್ರೆ ಸಾವಿರ ಪೋಸ್ಟರ್‌ಗಿಂತ ಮೇಲು.

ಹಾಟ್‌ಲೈನ್‌ಗೆ ಈ ವರ್ಷ ಒಂದೂ ಕಾಲ್ ಬಂದಿಲ್ಲ ಅಂತ ಕೆಲವರು ಖುಷಿಯಾಗಿ ರಿಪೋರ್ಟ್ ಮಾಡ್ತಾರೆ. ಹತ್ತಾರು ಸಾವಿರ ಜನ ಕೆಲಸ ಮಾಡೋ ಕಡೆ ಒಂದೂ ದೂರಿಲ್ಲ ಅಂದ್ರೆ ನಂಗೆ ಹೆದರಿಕೆ ಆಗತ್ತೆ. ಆಮೇಲೆ ಇನ್ನೊಂದು, ಆ ಲೈನಲ್ಲಿ ಕೆಲಸಗಾರರು ಮನೆಯಲ್ಲಿ ಆಡೋ ಭಾಷೆಯಲ್ಲಿ ಮಾತಾಡೋಕೆ ಆಗ್ಬೇಕು. ಹೆದರ್ಕೊಂಡು ಫೋನ್ ಮಾಡಿದೋರಿಗೆ ಬಾರದ ಭಾಷೆಯಲ್ಲಿ ಒಂದು ಒತ್ತಿ ಎರಡು ಒತ್ತಿ ಅಂತ ಯಂತ್ರ ಹೇಳಿದ್ರೆ ಇಟ್ಟುಬಿಡ್ತಾರೆ.

ಏಜೆಂಟ್‌ಗಳ ಬಗ್ಗೆ ಒಂದೇ ಮಾತು. ಮುಂದುವರಿದ ದೇಶಗಳ ಆರ್ಥಿಕ ಸಂಘಟನೆ ಓಇಸಿಡಿ 2014ರಲ್ಲಿ ವಿದೇಶಿ ಲಂಚದ 427 ಕೇಸು ಇಟ್ಕೊಂಡು ನೋಡಿದಾಗ ನಾಲ್ಕರಲ್ಲಿ ಮೂರು ಕೇಸಲ್ಲಿ ಮಧ್ಯವರ್ತಿ ಇದ್ದ. ಕನ್ಸಲ್ಟೆಂಟ್ ಅಂತ ಒಬ್ಬನಿಗೆ ಕಮಿಷನ್ ಕೊಡ್ತಿದೀರಿ, ಅವನು ಮಾಡಿದ ಕೆಲಸ ಏನು ಅಂತ ಒಂದು ಪುಟ ಬರೆಯೋಕೆ ಯಾರಿಗೂ ಬರ್ತಿಲ್ಲ ಅಂದ್ರೆ ಆ ಬಿಲ್ ತಡೆಹಿಡೀರಿ. ಹಾಗೆ ತಡೆಹಿಡಿಯೋ ಅಧಿಕಾರ ಕಂಪ್ಲಯನ್ಸ್‌ನೋರಿಗೆ ಇರ್ಬೇಕು, ಸೇಲ್ಸ್ ಹೆಡ್‌ಗೆ ರಿಪೋರ್ಟ್ ಮಾಡೋ ಕಂಪ್ಲಯನ್ಸ್ ಆಫೀಸರ್ ಸೇಲ್ಸ್ ಹೆಡ್‌ನ ಡೀಲ್ ನಿಲ್ಲಿಸ್ತಾನೆ ಅಂತ ನಂಬೋದು ಕಷ್ಟ, ಅವರಿಗೆ ನೇರ ಬೋರ್ಡಿಗೆ ಹೋಗೋ ಬಾಗಿಲು ಬೇಕು.

ಸೀಮೆನ್ಸ್ ಆಮೇಲೆ ಏನಾಯ್ತು ಅಂತ ಹೇಳಿ ನನ್ನ ಭಾಗ ಮುಗಿಸ್ತೀನಿ. 2006ರ ನವೆಂಬರ್‌ನಲ್ಲಿ ಪೊಲೀಸ್ ದಾಳಿ ಆಯ್ತು, 2007ರಲ್ಲಿ ಇತಿಹಾಸದಲ್ಲೇ ಮೊದಲ ಸಲ ಹೊರಗಿನಿಂದ ಸಿಇಓ ತಂದ್ರು. ಅವರು ಮಾಡಿದ ಒಂದು ಕೆಲಸ ನಂಗೆ ಬಹಳ ಮುಖ್ಯ ಅನ್ಸತ್ತೆ. ಇಂತಿಷ್ಟು ದಿನದೊಳಗೆ ತಾವೇ ಮುಂದೆ ಬಂದು ಗೊತ್ತಿರೋದನ್ನ ಹೇಳಿದೋರಿಗೆ ಕಂಪನಿ ಕಡೆಯಿಂದ ಕ್ಷಮೆ, ಕೆಲಸದಿಂದ ತೆಗೆಯಲ್ಲ, ನಷ್ಟ ಕೇಳಲ್ಲ. ಆದ್ರೆ ಅತಿ ಮೇಲಿನ ಅಧಿಕಾರಿಗಳಿಗೆ ಈ ಕ್ಷಮೆ ಇಲ್ಲ. ವರ್ಷಗಟ್ಟಲೆ ಹೊರಗೆ ಬಾರದ ವಿಷಯ, ನೂರಕ್ಕೂ ಹೆಚ್ಚು ಜನ ಬಂದು ಹೇಳಿದ್ರು. ಅದೇ ಜನ, ಅದೇ ಕಟ್ಟಡ. ಕೊನೆಗೆ 2008ರ ಡಿಸೆಂಬರ್‌ನಲ್ಲಿ ಅಮೆರಿಕ, ಜರ್ಮನಿ ಎರಡೂ ಕಡೆ ಸೇರಿ ಕಂಪನಿ ಸುಮಾರು 160 ಕೋಟಿ ಡಾಲರ್ ದಂಡ ಕಟ್ಟಿತು, ಇನ್ನೂ ಜಾಸ್ತಿ ಬೀಳ್ತಿತ್ತು, ಸಹಕಾರ ಕೊಟ್ಟಿದ್ದಕ್ಕೆ ಅಷ್ಟಕ್ಕೆ ನಿಂತಿತು.

ಪ್ರಶ್ನೆಗಳು ಬಂದ್ವು. ಒಬ್ಬರು ಕೇಳಿದ್ರು, ಎದುರಾಳಿ ಕಂಪನಿ ಲಂಚ ಕೊಟ್ಟು ಆರ್ಡರ್ ತಗೋತಿದ್ರೆ ನಾವು ಸುಮ್ನೆ ಕೂತ್ಕೋಬೇಕಾ, ನಮ್ಮ ಟೀಮ್‌ನೋರ ಹೊಟ್ಟೆಪಾಡು ಏನು ಅಂತ. ಪ್ರಾಮಾಣಿಕ ಪ್ರಶ್ನೆ ಅದು. ನಾನು ಹೇಳಿದ್ದು, ಆ ಆರ್ಡರ್ ಹೋಗತ್ತೆ, ಹೋಗಲ್ಲ ಅಂತ ನಾನು ಸುಳ್ಳು ಹೇಳಲ್ಲ. ಆದ್ರೆ ಹೋದಾಗ ನಿಮ್ಮ ಮ್ಯಾನೇಜ್‌ಮೆಂಟ್ ಏನು ಮಾಡತ್ತೆ ಅನ್ನೋದು ನೋಡಿ. ಲಂಚ ಕೊಡಲ್ಲ ಅಂದಿದ್ದಕ್ಕೆ ಆರ್ಡರ್ ಕಳ್ಕೊಂಡ ಸೇಲ್ಸ್‌ನೋರ ಟಾರ್ಗೆಟ್‌ನಿಂದ ಆ ಮೊತ್ತ ಕಳೀತಾರಾ? ಕಳೀದೆ ಅವರ ಬೋನಸ್ ಕತ್ತರಿಸಿದ್ರೆ ಲಂಚ ಕೊಡಬೇಡಿ ಅಂತ ಹೇಳಿದ್ದಕ್ಕೆ ಅರ್ಥವೇ ಇಲ್ಲ. ಟಾರ್ಗೆಟ್ ಇಳಿಸೋದು ಇಲ್ಲಿ ಕೂತಿರೋ ನಿಮ್ಮಲ್ಲಿ ಕೆಲವರ ಕೈಯಲ್ಲೇ ಇದೆ.

ಇನ್ನೊಬ್ಬರು, ತಪ್ಪು ಮಾಡ್ತಿರೋರೇ ನಮ್ಮ ಬಾಸ್‌ನ ಬಾಸ್ ಆಗಿದ್ರೆ ಅಂತ ಕೇಳಿದ್ರು. ಫೋಕ್ಸ್‌ವ್ಯಾಗನ್‌ನಲ್ಲಿ ಆಗಿದ್ದು ಇದೇ. ಟೆಸ್ಟ್ ನಡೀತಿದೆ ಅಂತ ಕಾರಿಗೆ ಗೊತ್ತಾದ್ರೆ ಮಾತ್ರ ಹೊಗೆ ಶುದ್ಧ ಮಾಡೋ ಸಾಫ್ಟ್‌ವೇರು, 2015ರಲ್ಲಿ ಆಚೆ ಬಂದಾಗ ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರಲ್ಲಿ ಅದಿತ್ತು. ಶುರುವಿನಲ್ಲೇ ಕೆಲವು ಇಂಜಿನಿಯರ್‌ಗಳು ಆಕ್ಷೇಪ ಎತ್ತಿದ್ರು ಅಂತ 2017ರ ತಪ್ಪೊಪ್ಪಿಗೆಯ ದಾಖಲೆಯಲ್ಲಿದೆ, ಮೇಲಿನೋರು ಮುಂದುವರೀರಿ ಅಂದ್ರು. ಅಂಥ ಕಡೆ ಲೈನ್ ಮ್ಯಾನೇಜರ್ ದಾರಿ ಬಿಟ್ಟುಬಿಡಿ, ಆಡಿಟ್ ಕಮಿಟಿ ಅಧ್ಯಕ್ಷರಿಗೆ ನೇರ ಬರೀರಿ, ಬರೆಯೋ ಮುಂಚೆ ನಿಮ್ಮ ಸ್ವಂತ ವಕೀಲರ ಹತ್ರ ಒಂದ್ಸಲ ಮಾತಾಡಿ, ಯಾಕಂದ್ರೆ ಕಂಪನಿ ವಕೀಲರು ಕಂಪನಿ ಪರ ಇರ್ತಾರೆ, ನಿಮ್ಮ ಪರ ಅಲ್ಲ. ತಾರೀಖು ಸಮೇತ ಏನಾಯ್ತು ಅಂತ ಬರೆದಿಟ್ಕೊಳಿ, ಆದ್ರೆ ಕಂಪನಿ ದಾಖಲೆಗಳನ್ನ ಮನೆಗೆ ಹೊತ್ಕೊಂಡು ಹೋಗೋ ಮುಂಚೆ ಅದೇ ವಕೀಲರನ್ನ ಕೇಳಿ. ಇದು ಸುಲಭ ಅಂತ ನಾನು ಹೇಳೋಕೆ ಆಗಲ್ಲ, ಹಾಗೆ ಮಾಡಿ ಕಷ್ಟಪಟ್ಟೋರು ನಂಗೆ ಗೊತ್ತು.

ಕೊನೆಯ ಪ್ರಶ್ನೆ ನಂಗೆ ತುಂಬಾ ಇಷ್ಟ ಆಯ್ತು. ನಮ್ಮ ಕಂಪನಿ ಸುಧಾರಿಸ್ತಿದೆಯಾ ಇಲ್ವಾ ಅಂತ ಗೊತ್ತಾಗೋದು ಹೇಗೆ, ಯಾವ ನಂಬರ್ ನೋಡ್ಬೇಕು? ಟ್ರೈನಿಂಗ್ ಮುಗಿಸಿದೋರು ಶೇಕಡಾ ಎಷ್ಟು ಅನ್ನೋದು ಬೇಡ. ಒಂದು ತಪ್ಪು ನಡೆದ ದಿನಕ್ಕೂ ಅದನ್ನ ಸರಿಪಡಿಸೋ ಅಧಿಕಾರ ಇರೋರ ಕಿವಿಗೆ ಅದು ಬಿದ್ದ ದಿನಕ್ಕೂ ನಡುವೆ ಎಷ್ಟು ದಿನ ಇತ್ತು ಅಂತ ಪ್ರತಿ ಕೇಸಿಗೂ ಬರೆದಿಡಿ. ನಾನು ಆ ಮೂರು ಕೊಟೇಶನ್ ಕೇಸಿಗೆ ಈ ಲೆಕ್ಕ ಹಾಕಿದೀನಿ. ಹುಡುಗನಿಗೆ ಗೊತ್ತಾಗೋಕೆ ಹಿಡಿದದ್ದು ಎರಡು ವಾರ, ನನ್ನ ಟೇಬಲ್ ದಾಟಿ ಮುಂದಕ್ಕೆ ಹೋಗೋಕೆ ಎಂಟು ತಿಂಗಳು.